ಸ್ಕ್ವೇರ್ ಕಟ್ ಹೊಡೆದಾಗಲೆಲ್ಲ ಗಲ್ಲಿಗೆ ಕ್ಯಾಚ್, ಏನು ಮಾಡಲಿ?

ಶಿವಮೊಗ್ಗ_ನಂ3
ತಲೆ ಕೆಟ್ಟು ಹೋಗಿದೆ. ಕಟ್, ಅದೇ ಆಫ್ ಕಡೆ ಬಂದ ಶಾರ್ಟ್ ಬಾಲನ್ನು ಬ್ಯಾಟ್ ಅಡ್ಡ ಬೀಸಿ ಹೊಡೆಯುವುದು, ನನ್ನ ಶಾಟ್. ನನಗೆ ಜಾಸ್ತಿ ರನ್ ಬಂದಿರುವುದೇ ಪಾಯಿಂಟ್ ಕಡೆ, ಅಂದರೆ ಆಫ್ ಬದಿಯಲ್ಲಿ ನೇರ ಪಕ್ಕಕ್ಕೆ. ಈ ಸೀಸನ್‌ನಲ್ಲಿ ಮಾತ್ರ ಶಾರ್ಟ್ ಬಾಲ್ ಬಿತ್ತು, ಇದು ಫೋರ್ ಅಂತ ಕೈ ಬೀಸಿದರೆ ಪಾಯಿಂಟ್‌ಗಿಂತ ಹಿಂದೆ ನಿಂತ ಗಲ್ಲಿ ಫೀಲ್ಡರ್ ಕೈಗೆ ಹೋಗುತ್ತದೆ, ಇಲ್ಲದಿದ್ದರೆ ಕೀಪರ್‌ಗೆ, ಕೆಲವು ಸಲ ಒಳ ಅಂಚು ತಗುಲಿ ಸ್ಟಂಪ್ಸ್‌ಗೇ ಬಡಿದಿದೆ. ನೆಟ್ಸ್‌ನಲ್ಲಿ ಏನೂ ತೊಂದರೆ ಇಲ್ಲ, ಅದೇ ಶಾಟ್ ಸರಿಯಾಗಿ ಮಧ್ಯಕ್ಕೆ ಕೂರುತ್ತದೆ. ಬೌಲರ್‌ಗಳ ಸ್ಪೀಡ್ ಕೂಡ ಭಾರಿ ಏನಿಲ್ಲ. ಕಣ್ಣು ಪರೀಕ್ಷೆ ಮಾಡಿಸಿದೆ, ಸರಿಯಿದೆ. ಕಟ್ ಬಿಟ್ಟುಬಿಡು ಅಂತ ಮಾತ್ರ ಯಾರೂ ಹೇಳಬೇಡಿ.

ಟಾಪ್‌ಹ್ಯಾಂಡ್
ಕೆಳಗಿನ ಕೈ. ಬೇರೆ ಏನೂ ಅಲ್ಲ. ಕೆಳಗಿನ ಕೈ ಬಿಗಿ ಹಿಡಿದರೆ ಬಾಲ್ ಮೇಲಕ್ಕೆ ಏಳುತ್ತದೆ. ಗ್ಲೌಸ್ ಬಿಚ್ಚಿ ಬ್ಯಾಟ್ ಹಿಡಿದು ನೋಡಿ. ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ವಿ ಒಂದೇ ಗೆರೆಯಲ್ಲಿ ಬರಬೇಕು, ಆ ಗೆರೆ ಬ್ಯಾಟಿನ ಹಿಂಬದಿಯ ನಡು ಉಬ್ಬಿಗೂ ಹೊರ ಅಂಚಿಗೂ ಮಧ್ಯೆ ಇಳಿಯಬೇಕು. ಒಂದು ವಾರ ಬರೀ ಮೇಲಿನ ಕೈಯಲ್ಲಿ ಡ್ರಿಲ್ ಮಾಡಿ.

ಕಾಯರ್‌ಮ್ಯಾಟ್
ಮೊದಲು ಪಿಚ್ ಯಾವುದು ಅಂತ ಹೇಳಿ ಸ್ವಾಮಿ. ಮ್ಯಾಟಾ, ಇಲ್ಲ ಮಣ್ಣು-ಹುಲ್ಲಿನ ಟರ್ಫಾ? ಲೆದರ್ ಬಾಲ್ ತಾನೇ?

ಶಿವಮೊಗ್ಗ_ನಂ3
ಲೆದರ್ ಬಾಲೇ. ನೆಟ್ಸ್ ಸಿಮೆಂಟ್ ಮೇಲೆ ಹಾಸಿದ ಮ್ಯಾಟ್, ಮ್ಯಾಚ್ ಟರ್ಫ್ ಮೇಲೆ. ಗ್ರಿಪ್ ನೋಡಿಕೊಂಡೆ, ವಿ ಸರಿಯಾಗೇ ಇದೆ.

ಕಾಯರ್‌ಮ್ಯಾಟ್
ಅದನ್ನು ಮೊದಲೇ ಬರೆಯಬೇಕಿತ್ತು ಅಲ್ವಾ! ಸಿಮೆಂಟ್ ಮೇಲೆ ಬಿಗಿಯಾಗಿ ಎಳೆದ ಮ್ಯಾಟ್‌ನಲ್ಲಿ ಬಾಲ್ ಸೊಂಟದವರೆಗೆ ಬರುತ್ತದೆ, ಪ್ರತಿ ಸಲ ಅಷ್ಟೇ ಎತ್ತರ. ಟರ್ಫ್‌ನಲ್ಲಿ ಅದೇ ಜಾಗಕ್ಕೆ ಬಿದ್ದ ಬಾಲ್ ಒಂದು ಸಲ ಮಂಡಿಗೆ, ಇನ್ನೊಂದು ಸಲ ಎದೆಗೆ. ನಿಮ್ಮ ಕೈ ಮ್ಯಾಟಿನ ಎತ್ತರಕ್ಕೆ ಒಗ್ಗಿಕೊಂಡಿದೆ.

ಟಾಪ್‌ಹ್ಯಾಂಡ್
ಬೌನ್ಸ್ ಹೆಚ್ಚುಕಡಿಮೆ ಆದರೂ ಕೆಳಗಿನ ಕೈ ಸಡಿಲ ಇದ್ದರೆ ಮಣಿಕಟ್ಟು ತಿರುಗಿಸಿ ಬಾಲನ್ನು ನೆಲಕ್ಕೆ ಒತ್ತಬಹುದು. ವಿ ಸರಿ ಇದ್ದರೆ ಸಾಲದು, ಹಿಡಿತದ ಬಿಗಿ ಎಷ್ಟು? ವಿಡಿಯೋ ಹಾಕಿ. ಜಿ.ಆರ್. ವಿಶ್ವನಾಥ್ ಕಟ್ ನೋಡಿ, ಆ ಮಣಿಕಟ್ಟು ನೋಡಿ.

ಭದ್ರಾವತಿ_ಬ್ಯಾಕ್‌ಫುಟ್
ವಿಶ್ವನಾಥ್ ನಮ್ಮೂರಿನವರು, ಅದಕ್ಕೇ ಹೇಳುತ್ತೇನೆ. ಎಲ್ಲರೂ ಮಣಿಕಟ್ಟು ಮಣಿಕಟ್ಟು ಅನ್ನುತ್ತಾರೆ, ಕಾಲನ್ನು ಯಾರೂ ನೋಡುವುದಿಲ್ಲ. 1975ರಲ್ಲಿ ಮದ್ರಾಸ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿ ಆಂಡಿ ರಾಬರ್ಟ್ಸ್ ಒಬ್ಬರೇ 7 ವಿಕೆಟ್ ತೆಗೆದ ಇನ್ನಿಂಗ್ಸ್, ಭಾರತ 190ಕ್ಕೆ ಆಲೌಟ್, ಅದರಲ್ಲಿ ಇವರದೇ ಔಟಾಗದೆ 97. ಅಂಥ ಬೌಲಿಂಗ್ ಎದುರು ಬರೀ ಮಣಿಕಟ್ಟಿನಿಂದ ಆಗುವ ಕೆಲಸವಾ ಅದು? ಕುಳ್ಳಗಿನ ಆಳು, ಬಾಲ್ ಬೇಗ ಓದಿ ಹಿಂಗಾಲನ್ನು ಆಫ್ ಸ್ಟಂಪ್ ಕಡೆ ಇಟ್ಟು ಜಾಗ ಮಾಡಿಕೊಂಡ ಮೇಲೆ ಮಣಿಕಟ್ಟು.

ಟಾಪ್‌ಹ್ಯಾಂಡ್
ಕಾಲು ಬೇಡ ಅಂತ ನಾನು ಎಲ್ಲಿ ಹೇಳಿದೆ? ಅವರ ಲೇಟ್ ಕಟ್ ಪೂರ್ತಿ ಮಣಿಕಟ್ಟಿನದ್ದೇ.

ಭದ್ರಾವತಿ_ಬ್ಯಾಕ್‌ಫುಟ್
ಕೇಳಿದ್ದು ಸ್ಕ್ವೇರ್ ಕಟ್ ಬಗ್ಗೆ. ಲೇಟ್ ಕಟ್‌ನಲ್ಲಿ ಬಾಲ್ ಮೈ ದಾಟಿದ ಮೇಲೆ ಬ್ಯಾಟ್ ಇಳಿಯುತ್ತದೆ, ಬಾಲಿನ ವೇಗವನ್ನೇ ಬಳಸಿಕೊಳ್ಳುವುದು. ಸ್ಕ್ವೇರ್ ಕಟ್‌ನಲ್ಲಿ ತೋಳು ಪೂರ್ತಿ ಚಾಚಬೇಕು. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ವಿಲ್ಲೋ_1180
ಬ್ಯಾಟ್ ತೂಕ ಎಷ್ಟು ಅಂತ ಯಾರೂ ಕೇಳಲೇ ಇಲ್ಲ. ನನ್ನದು ಇಂಗ್ಲಿಷ್ ವಿಲ್ಲೋ, 1180 ಗ್ರಾಂ, ಹಿಡಿ ಓವಲ್, ಹತ್ತು ಗ್ರೇನ್, ಮರದ ಸುತ್ತಿಗೆಯಲ್ಲಿ ನಾನೇ ಕೂತು ನಾಕ್ ಮಾಡಿದ್ದು. ಕೈಗೆತ್ತಿದರೆ ತೂಕವೇ ಗೊತ್ತಾಗುವುದಿಲ್ಲ. ಕಾಶ್ಮೀರ್ ವಿಲ್ಲೋ 1250ರ ಮೇಲೆ ಇದ್ದರೆ ಕಟ್‌ಗೆ ಬ್ಯಾಟ್ ತಡವಾಗಿಯೇ ಬರುತ್ತದೆ.

ಶಿವಮೊಗ್ಗ_ನಂ3
ಬ್ಯಾಟ್ ಹಳೆಯದೇ. ಹೋದ ಸೀಸನ್‌ನಲ್ಲಿ ಇದೇ ಬ್ಯಾಟಿನಿಂದ ರನ್ ಬಂದಿವೆ. ವಾರ ಪೂರ್ತಿ ಮೇಲಿನ ಕೈ ಡ್ರಿಲ್ ಮಾಡಿದೆ, ಮುಂಗೈ ನೋವು ಬಂತು, ಭಾನುವಾರ ಮತ್ತೆ ಗಲ್ಲಿ ಕ್ಯಾಚ್.

ಟಾಪ್‌ಹ್ಯಾಂಡ್
ಒಂದು ವಾರಕ್ಕೆ ಕೈಗೆ ಅಭ್ಯಾಸ ಆಗುವುದಿಲ್ಲ. ಮುಂದುವರಿಸಿ. ಕೆಳಗಿನ ಕೈಯಲ್ಲಿ ಎರಡೇ ಬೆರಳು ಇಟ್ಟು ಆಡಿ.

ಹಳೆ_ಕೀಪರ್
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಅವರು ಮೊದಲ ಪೋಸ್ಟ್‌ನಲ್ಲೇ ಒಂದು ಮಾತು ಹೇಳಿದ್ದಾರೆ: ಒಳ ಅಂಚು ತಗುಲಿ ಸ್ಟಂಪ್ಸ್‌ಗೆ. ಸ್ಟಂಪ್ ಹಿಂದೆ ನಿಂತು ನೋಡಿದವರಿಗೆ ಇದು ಗೊತ್ತು. ಅಗಲವಾಗಿ ಬಂದ ಬಾಲನ್ನು ಕಟ್ ಮಾಡಿದರೆ ಒಳ ಅಂಚು ತಗುಲುವುದು ಅಪರೂಪ. ಬಾಲ್ ಮೈಗೆ ಹತ್ತಿರ ಇದ್ದಾಗ ಮೊಣಕೈ ಮಡಚಿಕೊಳ್ಳುತ್ತದೆ, ಬ್ಯಾಟ್ ಅಡ್ಡ ಬರುವ ಬದಲು ಓರೆಯಾಗಿ ಇಳಿಯುತ್ತದೆ. ಆಗ ಒಂದೋ ದಪ್ಪ ಹೊರ ಅಂಚು ಗಲ್ಲಿಗೆ, ಇಲ್ಲವೇ ಒಳ ಅಂಚು ಸ್ಟಂಪ್ಸ್‌ಗೆ. ಹಿಡಿತ, ತೂಕ ಎಲ್ಲ ಆಮೇಲೆ. ಗಾರ್ಡ್ ಯಾವುದು, ಅಂದರೆ ಯಾವ ಸ್ಟಂಪಿನ ಗೆರೆಗೆ ನಿಲ್ಲುತ್ತೀರಿ? ಹೋದ ಸೀಸನ್‌ನಲ್ಲೂ ಅದೇನಾ?

ಶಿವಮೊಗ್ಗ_ನಂ3
ಹೋದ ವರ್ಷದವರೆಗೆ ಲೆಗ್ ಸ್ಟಂಪ್. ಬಾಲ್ ಕಾಲಿಗೆ ಬಡಿದು ಎಲ್‌ಬಿ ಔಟ್ ಜಾಸ್ತಿ ಆಗುತ್ತಿತ್ತು, ಒಳಕ್ಕೆ ತಿರುಗುವ ಇನ್‌ಸ್ವಿಂಗ್ ಸಿಗುತ್ತಿರಲಿಲ್ಲ. ಈ ವರ್ಷ ಆಫ್ ಸ್ಟಂಪ್ ಗಾರ್ಡ್ ತೆಗೆದುಕೊಳ್ಳುತ್ತಿದ್ದೇನೆ. ಅದಕ್ಕೂ ಕಟ್‌ಗೂ ಏನು ಸಂಬಂಧ?

ಹಳೆ_ಕೀಪರ್
ಅದೇ ಸಂಬಂಧ! ಮೂರೂ ಸ್ಟಂಪ್ ಸೇರಿ 22.86 ಸೆಂ.ಮೀ. ಅಗಲ. ಲೆಗ್ ಸ್ಟಂಪಿನ ನಡುವಿನಿಂದ ಆಫ್ ಸ್ಟಂಪಿನ ನಡುವಿಗೆ ಹೆಚ್ಚುಕಡಿಮೆ 19. ನಿಯಮದ ಪ್ರಕಾರ ಬ್ಯಾಟಿನ ಅಗಲ 10.8ಕ್ಕಿಂತ ಜಾಸ್ತಿ ಇರುವಂತಿಲ್ಲ. ಅಂದರೆ ನೀವು ಹತ್ತಿರ ಹತ್ತಿರ ಎರಡು ಬ್ಯಾಟಿನಷ್ಟು ಬಾಲಿನ ಕಡೆಗೆ ಸರಿದಿದ್ದೀರಿ. ಹೋದ ವರ್ಷ ಯಾವ ಗೆರೆಯ ಬಾಲಿಗೆ ತೋಳು ಚಾಚಿ ಹೊಡೆಯುತ್ತಿದ್ದಿರೋ ಅದು ಈಗ ಪಕ್ಕೆ ಹತ್ತಿರ ಬರುತ್ತಿದೆ. ಕಣ್ಣು ಮಾತ್ರ ಹಳೇ ಲೆಕ್ಕದಲ್ಲೇ ಇದನ್ನು ಹೊಡೆ ಅನ್ನುತ್ತಿದೆ. ನೆಟ್ಸ್‌ನಲ್ಲಿ ಗಾರ್ಡ್ ಗುರುತು ಹಾಕಿಕೊಳ್ಳುತ್ತೀರಾ?

ಶಿವಮೊಗ್ಗ_ನಂ3
ಇಲ್ಲ. ಮ್ಯಾಟ್ ಮೇಲೆ ಗುರುತು ಹಾಕುವುದು ಹೇಗೆ, ಸುಮ್ನೆ ಹೋಗಿ ನಿಲ್ಲುತ್ತೇನೆ.

ಹಳೆ_ಕೀಪರ್
ಹಾಗಾದರೆ ಕಾಲು ತನ್ನಷ್ಟಕ್ಕೆ ಹಳೇ ಜಾಗಕ್ಕೇ ಹೋಗಿ ನಿಲ್ಲುತ್ತಿರಬಹುದು. ಸೀಮೆಸುಣ್ಣ ತೆಗೆದುಕೊಂಡು ಹೋಗಿ. ಆಫ್ ಸ್ಟಂಪ್ ಗೆರೆ ಎಳೆದು ನಿಂತು, ಹತ್ತಿರದಿಂದ ಕೈಯಲ್ಲಿ ಎಸೆಯುವ ಥ್ರೋಡೌನ್ ಹಾಕಿಸಿಕೊಳ್ಳಿ. ಆಫ್ ಸ್ಟಂಪಿನಿಂದ ಒಂದೂವರೆ ಬ್ಯಾಟ್ ಅಗಲದಾಚೆ ಇನ್ನೊಂದು ಗುರುತು ಇರಲಿ. ಅದರ ಒಳಗೆ ಬಂದ ಶಾರ್ಟ್ ಬಾಲನ್ನು ನೇರ ಬ್ಯಾಟಿನಿಂದ ಹಿಂಗಾಲ ಮೇಲೆ ತಡೆಯಿರಿ ಇಲ್ಲವೇ ಮುಂದಕ್ಕೆ ತಳ್ಳಿ ಪಂಚ್ ಮಾಡಿ, ಹೊರಗೆ ಬಂದರೆ ಮಾತ್ರ ಕಟ್. ಇನ್ನೊಂದು ಮಾತು, ಹಿಂಗಾಲನ್ನು ಈಗಾಗಲೇ ಆಫ್ ಸ್ಟಂಪ್ ಮೇಲೆ ಇಟ್ಟು ನಿಂತಿರುವಾಗ ಮತ್ತೆ ಅಡ್ಡ ಇಟ್ಟರೆ ಇರುವ ಜಾಗವೂ ಹೋಗುತ್ತದೆ, ನೇರ ಹಿಂದಕ್ಕೆ ಹೋದರೆ ಸಾಕು. ಕೈ ಎತ್ತರದಿಂದ ಶುರುವಾಗಲಿ, ಬ್ಯಾಟ್ ಬಾಲಿನ ಮೇಲಿಂದ ಇಳಿಯಲಿ.

ಕಾಯರ್‌ಮ್ಯಾಟ್
ಗಾರ್ಡ್ ಮಾತು ಒಪ್ಪುತ್ತೇನೆ. ಆದರೆ ಮ್ಯಾಟ್ ಮೇಲಿನ ಥ್ರೋಡೌನ್‌ನಿಂದ ಟರ್ಫ್ ಬೌನ್ಸ್ ಕಲಿಯಲು ಆಗುವುದಿಲ್ಲ, ಅದು ಬೇರೆ ಸಮಸ್ಯೆ.

ಟಾಪ್‌ಹ್ಯಾಂಡ್
ಗಾರ್ಡ್ ವಾಪಸ್ ಲೆಗ್‌ಗೆ ಹೋದರೆ ಮುಗಿಯಿತಲ್ಲ ಹಾಗಾದರೆ?

ಹಳೆ_ಕೀಪರ್
ಮತ್ತೆ ಎಲ್‌ಬಿ ಶುರುವಾಗುತ್ತದೆ. ಮಿಡಲ್‌ನಲ್ಲಿ ನಿಂತು ನೋಡಬಹುದು. ಹೊಸ ಬಾಲ್ ಇರುವಷ್ಟು ಹೊತ್ತು ಕಟ್ ಒಳಗಿಟ್ಟರೂ ಅವಮಾನ ಏನಿಲ್ಲ. 2004ರಲ್ಲಿ ಸಿಡ್ನಿಯಲ್ಲಿ ಸಚಿನ್ ಕವರ್ ಡ್ರೈವ್ ಆಡದೆ ಔಟಾಗದೆ 241 ಹೊಡೆದರು. ಆ ಸರಣಿಯಲ್ಲಿ ಅದೇ ಶಾಟ್‌ಗೆ ಔಟಾಗುತ್ತಿದ್ದರು ಅಂತ ಬದಿಗಿಟ್ಟರು, ಅಷ್ಟೇ.

ಭದ್ರಾವತಿ_ಬ್ಯಾಕ್‌ಫುಟ್
ಅದು ಸರಿ, ಆದರೆ ವಿಶ್ವನಾಥ್‌ಗೆ ಕಟ್ ಆಡಬೇಡಿ ಅಂತ ಯಾರಾದರೂ ಹೇಳಿದ್ದರೆ?

ಶಿವಮೊಗ್ಗ_ನಂ3
ಸೀಮೆಸುಣ್ಣದ ಗೆರೆ ಎಳೆದು ಆಡಿದೆ. ನೆಟ್ಸ್‌ನಲ್ಲೇ ಗಲ್ಲಿ ಕಡೆ ಅಂಚು ಹೋಗಲು ಶುರುವಾಯಿತು! ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ, ಕೊನೆಗೂ ತಪ್ಪು ಕಣ್ಣಿಗೆ ಬಿತ್ತು. ಎರಡನೇ ಗುರುತಿನಾಚೆ ಬಿದ್ದವನ್ನು ಮಾತ್ರ ಹೊಡೆದಾಗ ಬಾಲ್ ಪಾಯಿಂಟ್‌ಗೆ ಸ್ವಲ್ಪ ಮುಂದೆಯೇ ನೆಲ ಹಿಡಿದು ಹೋಯಿತು. ಒಳಗಿನದನ್ನು ಪಂಚ್ ಮಾಡುವುದು ಇನ್ನೂ ಬರುತ್ತಿಲ್ಲ, ಬ್ಯಾಟ್ ತಿರುಗಿ ಬಾಲ್ ಬೌಲರ್ ಕೈಗೇ ಏಳುತ್ತಿದೆ. ಇದಕ್ಕೆ ಏನು ಮಾಡಲಿ?

ಟಾಪ್‌ಹ್ಯಾಂಡ್
ಪಂಚ್‌ನಲ್ಲಿ ಬಾಲ್ ಏಳುತ್ತಿದೆ ಅಂದರೆ ಈ ಸಲ ನಿಜವಾಗಿಯೂ ಕೆಳಗಿನ ಕೈ. ವಿಡಿಯೋ ಹಾಕಿ.

ವಿಲ್ಲೋ_1180
ತೂಕ ಎಷ್ಟು ಅಂತ ಇನ್ನೂ ಹೇಳಲಿಲ್ಲ ನೀವು.