ಶೆರ್ಮನ್ ದಾರಿಯ ಫಲಕಗಳು: ಹಳೆಯವನ್ನು ಹಾಗೇ ಬಿಡಬೇಕಾ?

ದಾರಿಹೋಕ:
ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾದಿಂದ ಉತ್ತರಕ್ಕೆ ಹಳೇ ಹೈವೇ 41 ಹಿಡಿದರೆ ಪಕ್ಕದಲ್ಲಿ ಇತಿಹಾಸ ಹೇಳುವ ಲೋಹದ ಫಲಕಗಳು ಸಿಗುತ್ತಲೇ ಇರುತ್ತವೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಮೇ ತಿಂಗಳಲ್ಲಿ, ಉತ್ತರದವರ ಜನರಲ್ ಶೆರ್ಮನ್ ಸುಮಾರು ಒಂದು ಲಕ್ಷ ಸೈನಿಕರ ಜೊತೆ ಇಳಿದುಬಂದ ಸೀಮೆ ಅದು. ನವೆಂಬರ್ 15ಕ್ಕೆ ಅಟ್ಲಾಂಟಾ ಬಿಟ್ಟು ಡಿಸೆಂಬರ್ 21ಕ್ಕೆ ಸವಾನಾ ಹಿಡಿದ ದಾರಿಯಲ್ಲೂ ಇಂಥ ಫಲಕಗಳಿವೆ. ಜಾಸ್ತಿ 1950ರ ದಶಕದವು. ಎಲ್ಲಾ ಕಿತ್ತು ಹೊಸದಾಗಿ ಬರೆಸಬೇಕು ಅಂತಾನೆ ನನ್ನ ಗೆಳೆಯ. ನಿಮಗೇನನ್ನಿಸುತ್ತೆ?

ಮಾರಿಯೆಟ್ಟಾ ಗೌಡ:
ಕೀಳೋದು ಯಾಕೆ ಸ್ವಾಮಿ? ಯುದ್ಧ ಅರ್ಥ ಆಗೋದೇ ಅವುಗಳಿಂದ. ಶೆರ್ಮನ್ ನೇರವಾಗಿ ಮೇಲೆ ಬೀಳುತ್ತಿದ್ದದ್ದು ಕಡಿಮೆ. ಎದುರಾಳಿ, ದಕ್ಷಿಣದವರ ಜನರಲ್ ಜಾನ್‌ಸ್ಟನ್ ಗುಡ್ಡದ ಮೇಲೆ ಕಂದಕ ತೋಡಿ ಕೂತರೆ, ಇವನು ಪಕ್ಕದಿಂದ ಸುತ್ತಿ ಹೋಗಿ ಅವನ ಬೆನ್ನಿಗಿದ್ದ ರೈಲು ಹಳಿಗೆ ಕೈ ಹಾಕುತ್ತಿದ್ದ. ಜೂನ್ 27ರಂದು ಕೆನೆಸಾ ಬೆಟ್ಟದಲ್ಲಿ ಮಾತ್ರ ನೇರ ನುಗ್ಗಿದ. ಸತ್ತವರು, ಗಾಯಗೊಂಡವರು, ಸಿಕ್ಕಿಬಿದ್ದವರು ಸೇರಿ ಸುಮಾರು 3,000 ಮಂದಿಯನ್ನು ಕಳೆದುಕೊಂಡ. ಫಲಕದ ಹತ್ತಿರ ನಿಂತು ಬೆಟ್ಟ ನೋಡಿದರೆ ಯಾಕೆ ಸೋತ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮೊಬೈಲಿನಲ್ಲಿ ಓದಿದರೆ ಅದು ಸಿಗಲ್ಲ.

ಸುಧಾ_ಡಿಕೇಟರ್:
ಗೌಡ್ರೇ, ಯಾವ ದಳ ಯಾವ ಕಡೆ ತಿರುಗಿತು ಅನ್ನೋದರಲ್ಲಿ ಆ ಫಲಕಗಳು ಗಟ್ಟಿ, ಒಪ್ಪಿದೆ. ಆದರೆ 1860ರ ಜನಗಣತಿಯಲ್ಲಿ ಜಾರ್ಜಿಯಾದಲ್ಲಿ 4,62,198 ಗುಲಾಮರಿದ್ದರು. ರಾಜ್ಯದ ಜನಸಂಖ್ಯೆಯಲ್ಲಿ ಹತ್ತಿರಹತ್ತಿರ ಅರ್ಧ. ಹಳೇ ಫಲಕಗಳನ್ನು ಸಾಲಾಗಿ ಓದಿಕೊಂಡು ಹೋಗಿ, ಅವರು ಎಲ್ಲಿ ಸಿಗುತ್ತಾರೆ ನೋಡಿ. ಜನರಲ್ ಯಾರ ಮನೆಯಲ್ಲಿ ತಂಗಿದ್ದ ಅಂತ ಇರುತ್ತೆ. ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಯಾರು? ಅಟ್ಲಾಂಟಾ ಕದನದ ಎಷ್ಟೋ ಫಲಕಗಳನ್ನು ಬರೆದ ವಿಲ್ಬರ್ ಕರ್ಟ್ಜ್ ಗುಲಾಮಗಿರಿ ಕಾಲದ ದಕ್ಷಿಣವನ್ನು ಚಂದ ಮಾಡಿ ತೋರಿಸಿದ 'ಗಾನ್ ವಿತ್ ದ ವಿಂಡ್' ಸಿನಿಮಾಕ್ಕೆ ಇತಿಹಾಸದ ಸಲಹೆಗಾರನಾಗಿದ್ದವನು. ಅವನ ಕಣ್ಣಿಗೆ ಕಂಡದ್ದೇ ಅಲ್ಲಿದೆ.

ಕಲ್ಬುರ್ಗಿ ಕಾಕಾ:
ಒಂದು ಪ್ರಶ್ನೆ. ಇವನ್ನೆಲ್ಲ ಓದೋರು ಯಾರು? ಗಾಡಿ ನಿಲ್ಲಿಸೋಕೆ ಜಾಗವೇ ಇರಲ್ಲ, ಹಿಂದಿನವನು ಹಾರ್ನ್ ಹೊಡೀತಾನೆ. 1930ರ ದಶಕದ ಕೆಲಸ ನೋಡಿ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಕೂಲಿ ಕೊಟ್ಟು, ರಿಂಗೋಲ್ಡ್, ಡಾಲ್ಟನ್, ರೆಸಾಕಾ, ಕ್ಯಾಸ್‌ವಿಲ್, ನ್ಯೂ ಹೋಪ್ ಚರ್ಚ್ ಕಡೆ ಐದು ಪುಟ್ಟ ಪಾರ್ಕ್ ಕಟ್ಟಿಸಿದರು. ಕಲ್ಲಿನ ಕಟ್ಟೆ, ಅದರ ಮೇಲೆ ಉಬ್ಬು ನಕ್ಷೆ. ಅಲ್ಲಿ ನಿಂತು ನೋಡಬಹುದು.

ಸುಧಾ_ಡಿಕೇಟರ್:
ನಿಲ್ಲಲೇಬೇಕಾದ ಒಂದು ಜಾಗ ಹೇಳ್ತೀನಿ. ಸವಾನಾ ಹತ್ತಿರ ಎಬೆನೀಜರ್ ಹಳ್ಳ. 1864ರ ಡಿಸೆಂಬರ್ 9. ಬಿಡುಗಡೆ ಸಿಕ್ಕಿತು ಅಂತ ನೂರಾರು ಗುಲಾಮರು, ಹೆಂಗಸರು ಮಕ್ಕಳು ಸಮೇತ, ಉತ್ತರದವರ ಸೇನೆಯ ಹಿಂದೆ ನಡೆದು ಬರುತ್ತಿದ್ದರು. ಜನರಲ್ ಜೆಫರ್ಸನ್ ಸಿ. ಡೇವಿಸ್ (ದಕ್ಷಿಣದ ಅಧ್ಯಕ್ಷ ಬೇರೆ, ಇವನು ಬೇರೆ) ತನ್ನ ಸೈನಿಕರು ದಾಟಿದ ಕೂಡಲೇ ತೇಲುಸೇತುವೆ ಎಳೆಸಿಬಿಟ್ಟ. ಹಿಂದೆ ಶತ್ರುಗಳ ಕುದುರೆ ದಂಡು. ಎಷ್ಟೋ ಜನ ನೀರಿಗೆ ಹಾರಿ ಮುಳುಗಿದರು. ಆ ಸುದ್ದಿಯಿಂದ ಎದ್ದ ಗದ್ದಲ ವಾಷಿಂಗ್ಟನ್ ಮುಟ್ಟಿತು. ಜನವರಿಯಲ್ಲಿ ಯುದ್ಧ ಸಚಿವ ಸ್ಟ್ಯಾಂಟನ್ ಸವಾನಾಗೇ ಬಂದು, ಶೆರ್ಮನ್ ಜೊತೆ ಕೂತು 20 ಮಂದಿ ಕಪ್ಪು ಧರ್ಮಗುರುಗಳ ಮಾತು ಕೇಳಿದ. ನಾಲ್ಕೇ ದಿನಕ್ಕೆ, ಬಿಡುಗಡೆಯಾದವರ ಕುಟುಂಬಕ್ಕೆ 40 ಎಕರೆವರೆಗೆ ಜಮೀನು ಅನ್ನೋ ಆದೇಶ ಹೊರಟಿತು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನೂ ಕಿತ್ತುಕೊಂಡ. ಈ ಹಳ್ಳಕ್ಕೆ ಫಲಕ ಬಂದದ್ದು ಯಾವಾಗ ಗೊತ್ತಾ? 2010ರಲ್ಲಿ.

ದಾರಿಹೋಕ:
ಮೇಡಂ, ಅಂದರೆ ಹಳೆಯದನ್ನು ಕೀಳದೆಯೇ ಹೊಸದು ಬಂತು, ಅಲ್ವಾ? ಹಳೇ ಫಲಕದ ಕೊನೆಯ ಸಾಲು ನೋಡಿ. ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ನಂಬರ್, ಒಂದು ಗೆರೆ, ಕ್ರಮಸಂಖ್ಯೆ, ಆಮೇಲೆ ಆಗ ಫಲಕ ಹಾಕುತ್ತಿದ್ದ ಸರ್ಕಾರಿ ಆಯೋಗ 'ಜಾರ್ಜಿಯಾ ಹಿಸ್ಟಾರಿಕಲ್ ಕಮಿಷನ್' ಹೆಸರು, ಇಸವಿ. ಯಾರು, ಯಾವ ಕಾಲದಲ್ಲಿ ಬರೆದರು ಅಂತ ಅದೇ ಹೇಳುತ್ತೆ. ನಾನು ಈಗ ಮೊದಲು ಆ ಸಾಲನ್ನೇ ಓದ್ತೀನಿ.

ಮಾರಿಯೆಟ್ಟಾ ಗೌಡ:
ಹೊಸದರ ಮೇಲೂ ನನಗೆ ತಕರಾರಿದೆ. 2014ರಲ್ಲಿ ಅಟ್ಲಾಂಟಾದ ಕಾರ್ಟರ್ ಸೆಂಟರ್ ಆವರಣದಲ್ಲಿ ಒಂದು ಹಾಕಿದರು. ಜನ ನಂಬಿದಂತಲ್ಲ, ಸೈನಿಕರು ಹಾಳು ಮಾಡಿದ್ದು ಮುಖ್ಯವಾಗಿ ಯುದ್ಧಕ್ಕೆ ಬೇಕಾದ ಆಸ್ತಿಯನ್ನು, ಅಂದರೆ ರೈಲು, ಕಾರ್ಖಾನೆ, ಗೋದಾಮು ಇಂಥವನ್ನು ಅಂತ ಅದರಲ್ಲಿದೆ. ಮನೆಯೊಳಗೆ ನುಗ್ಗಬಾರದು ಅಂತ ಆದೇಶ ಇತ್ತು, ಸರಿ. ಪಾಲಿಸಿದರಾ? ಜೋಳ, ಹಂದಿ, ಬೆಳ್ಳಿ ಚಮಚ ಎಲ್ಲಾ ಹೊತ್ತುಕೊಂಡು ಹೋದರು.

ಸುಧಾ_ಡಿಕೇಟರ್:
ಚಮಚ ಹೋದದ್ದನ್ನು ನೂರು ವರ್ಷ ಹಾಡಿಕೊಂಡು ಅತ್ತಿದ್ದಾರೆ. ಹಳ್ಳದಲ್ಲಿ ಮುಳುಗಿದವರಿಗೆ ಅತ್ತವರು ಕಡಿಮೆ.

ಗದಗಿನ ಹತ್ತಿ:
ನಡುವೆ ಬಾಯಿ ಹಾಕ್ತೀನಿ. ಸವಾನಾ ಹಿಡಿದಾಗ ಶೆರ್ಮನ್ ಆ ಊರೇ ಕ್ರಿಸ್‌ಮಸ್ ಉಡುಗೊರೆ ಅಂತ ಅಧ್ಯಕ್ಷ ಲಿಂಕನ್‌ಗೆ ತಂತಿ ಕಳಿಸಿದ್ದ, 25,000 ಮೂಟೆ ಹತ್ತಿ ಸಮೇತ. ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತದ್ದಕ್ಕೇ ನಮ್ಮ ಧಾರವಾಡ ಸೀಮೆ ಹತ್ತಿಗೆ ಆಗ ಬಂಗಾರದ ಬೆಲೆ. ಅದನ್ನು ಹಡಗಿಗೆ ಏರಿಸೋಕೆ ಅಂತಲೇ ಕಾರವಾರ ಬಂದರಿನ ಯೋಜನೆಗೆ ಜೋರು ಬಂತು, 1862ರಲ್ಲಿ ಉತ್ತರ ಕನ್ನಡ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತು. ಯುದ್ಧ ಮುಗೀತು, ಬೆಲೆ ಬಿತ್ತು. ನಮ್ಮ ಕಡೆ ಅದಕ್ಕೊಂದು ಫಲಕ ಯಾರಾದರೂ ಹಾಕಿಸಿ ನೋಡೋಣ!

ಕಲ್ಬುರ್ಗಿ ಕಾಕಾ:
ಅದು ಆಮೇಲೆ ನೋಡೋಣ. ಜಾರ್ಜಿಯಾದಲ್ಲಿ 1998ರಿಂದ ಹೊಸ ಫಲಕ ಹಾಕೋದು ಜಾರ್ಜಿಯಾ ಹಿಸ್ಟಾರಿಕಲ್ ಸೊಸೈಟಿ. ಊರಿನವರೇ ಅರ್ಜಿ ಹಾಕಬೇಕು, ದಾಖಲೆ ಕೊಡಬೇಕು, ಖರ್ಚಿನಲ್ಲೂ ಪಾಲು ಹಾಕಬೇಕು. ಸುಮ್ನೆ ಇಲ್ಲಿ ಕೂತು ಜಗಳ ಆಡೋ ಬದಲು, ಸುಧಾ ಮೇಡಂ, ಯಾವ ಜಾಗಕ್ಕೆ ಬೇಕು ಅಂತ ಪಟ್ಟಿ ಹಾಕಿ. ಗೌಡ್ರು ದಾಖಲೆ ಹುಡುಕಲಿ.

ಮಾರಿಯೆಟ್ಟಾ ಗೌಡ:
ಹುಡುಕ್ತೀನಿ. ಆದರೆ ಚಮಚದ ವಿಷಯ ಬಿಡಲ್ಲ.