ಎಕ್ಸ್‌ಪಿ ವಿಎಂಗೆ ನೆಟ್‌ವರ್ಕ್ ತೆಗೆದ್ರೆ ಹಳೇ ಸ್ಟಾಕ್ ಸಾಫ್ಟ್‌ವೇರ್ ಲೈಸೆನ್ಸ್ ಇಲ್ಲ ಅಂತಿದೆ, ಏನ್ ಮಾಡೋದು?

ಲೆಕ್ಕದಪುಸ್ತಕ:
ಎಲ್ರಿಗೂ ನಮಸ್ಕಾರ. ನಮ್ಮ ಆಫೀಸಲ್ಲಿ ಒಂದು ಹಳೇ ಸ್ಟಾಕ್ ಮತ್ತೆ ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ, ವಿಬಿ 6ರಲ್ಲಿ (ವಿಷುವಲ್ ಬೇಸಿಕ್) ಬರೆದಿದ್ದು, ಡೇಟಾ ಎಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಫೈಲಲ್ಲಿದೆ, ಮಾಡ್ಕೊಟ್ಟ ಕಂಪನಿ ಮುಚ್ಚಿಹೋಗಿದೆ. ಇನ್‌ಸ್ಟಾಲರ್ 16 ಬಿಟ್‌ದು, 64 ಬಿಟ್ ವಿಂಡೋಸಲ್ಲಿ ಶುರುನೇ ಆಗಲ್ಲ. ಹೊಸ ಎಂಟ್ರಿ ಎಲ್ಲ ಬೇರೆ ಸಾಫ್ಟ್‌ವೇರಿಗೆ ಹೋಗಿದೆ ಆದ್ರೆ ಹಳೇ ಬಿಲ್, ಹಳೇ ಬಾಕಿ ನೋಡೋಕೆ, ಅಲ್ಲಲ್ಲಿ ತಿದ್ದೋಕೆ ಇದು ಬೇಕೇ ಬೇಕು.

ವಿಂಡೋಸ್ 11 ಹೋಸ್ಟ್ (ಅಸಲಿ ಮಷೀನ್) ಮೇಲೆ ವರ್ಚುವಲ್‌ಬಾಕ್ಸಲ್ಲಿ, ಅಂದ್ರೆ ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷೀನ್, ವಿಎಂ) ಓಡಿಸೋ ಸಾಫ್ಟ್‌ವೇರಲ್ಲಿ, ವಿಂಡೋಸ್ ಎಕ್ಸ್‌ಪಿ ಹಾಕಿದ್ದೀನಿ. ಈ ಸಾಫ್ಟ್‌ವೇರ್ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್ (ಕಾರ್ಡಿನ ಗುರುತಿನ ಸಂಖ್ಯೆ) ನೋಡಿ ಲೈಸೆನ್ಸ್ ಒಪ್ಕೊಳ್ಳುತ್ತೆ, ಅದಕ್ಕೆ ಹಳೇ ಮಷೀನ್ ಪೂರ್ತಿ ಬಂದ್ ಮಾಡಿ ಅದರ ಅಡ್ರೆಸ್ಸನ್ನೇ ವಿಎಂಗೆ ಕೊಟ್ಟೆ. ಬ್ರಿಡ್ಜ್ಡ್ ಮೋಡಲ್ಲಿ (ವಿಎಂ ನೇರವಾಗಿ ಆಫೀಸ್ ನೆಟ್‌ವರ್ಕಿಗೆ ಸೇರೋದು) ಚೆನ್ನಾಗಿ ಓಡ್ತು. ಆದ್ರೆ ಎಕ್ಸ್‌ಪಿನ ಆಫೀಸ್ ನೆಟ್‌ವರ್ಕಲ್ಲಿ ಹಾಗೇ ಬಿಡೋಕೆ ಭಯ, ಸೆಟ್ಟಿಂಗ್ಸಲ್ಲಿ 'ಕೇಬಲ್ ಕನೆಕ್ಟೆಡ್' ಟಿಕ್ ತೆಗೆದೆ. ತೆಗೆದ ತಕ್ಷಣ 'ಲೈಸೆನ್ಸ್ ಸಿಗಲಿಲ್ಲ' ಅಂತ ಬಂದು ಮುಚ್ಕೊಳ್ಳುತ್ತೆ. ನೆಟ್‌ವರ್ಕ್ ವಿವರ ತೋರಿಸೋ 'ಐಪಿಕಾನ್ಫಿಗ್ /ಆಲ್' ಕಮಾಂಡ್ ಕೊಟ್ಟು ನೋಡಿದ್ರೆ ಮ್ಯಾಕ್ ಅಡ್ರೆಸ್ ಸರಿಯಾಗೇ ಕಾಣ್ತಿದೆ! ಟಿಕ್ ವಾಪಸ್ ಹಾಕಿದ್ರೆ ಓಡುತ್ತೆ. ಯಾಕಿರಬಹುದು?

ಮೂರನೇಸಾಲು:
ಸರ್, ನ್ಯಾಟ್ ಮೋಡಿಗೆ (ವಿಎಂ ಹೋಸ್ಟಿನ ಹಿಂದೆ ನಿಂತು ಅದರ ಮೂಲಕ ನೆಟ್‌ವರ್ಕಿಗೆ ಹೋಗೋದು) ಹಾಕ್ಬಿಡಿ ಸಾಕು. ಹೊರಗಿಂದ ಯಾರೂ ಒಳಗೆ ಬರೋಕಾಗಲ್ಲ, ಲೈಸೆನ್ಸೂ ಓಡುತ್ತೆ. ಎಕ್ಸ್‌ಪಿ ಒಳಗೆ ಒಂದು ಆಂಟಿವೈರಸ್ ಹಾಕ್ಕೊಳ್ಳಿ.

ಹಳೇಡಿಸ್ಕ್:
ದಯವಿಟ್ಟು ನ್ಯಾಟ್‌ನ ಗೋಡೆ ಅಂದ್ಕೊಬೇಡಿ. ಹೊರಗಿಂದ ಒಳಗೆ ಬರೋದನ್ನ ತಡೆಯುತ್ತೆ ನಿಜ, ಆದ್ರೆ ಒಳಗಿಂದ ಹೊರಗೆ ಹೋಗೋದನ್ನ ತಡೆಯಲ್ಲ, ಎಕ್ಸ್‌ಪಿ ಆರಾಮಾಗಿ ಇಂಟರ್‌ನೆಟ್ಟಿಗೂ ಹೋಗುತ್ತೆ, ಹೋಸ್ಟ್ ಮುಖಾಂತರ ಆಫೀಸಿನ ಬೇರೆ ಮಷೀನ್‌ಗಳನ್ನೂ ಮುಟ್ಟುತ್ತೆ. ಯಾರೋ ಅದರಲ್ಲಿ ಬ್ರೌಸರ್ ತೆಗೆದ್ರೆ ಇಲ್ಲಾ ಪೆನ್‌ಡ್ರೈವಲ್ಲಿ ಏನೋ ಬಂದ್ರೆ ಮುಗೀತು. ಎಕ್ಸ್‌ಪಿಗೆ ಸಪೋರ್ಟ್ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. 2017ರ ಮೇನಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವಾನಾಕ್ರೈ ಬಂದಾಗ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ತುರ್ತಾಗಿ ಒಂದು ಪ್ಯಾಚ್ ಬಿಡ್ತು, 2019ರಲ್ಲಿ ಬ್ಲೂಕೀಪ್ ಅನ್ನೋ ತೂತಿಗೆ ಇನ್ನೊಂದು, ಆದ್ರೆ ಅವು ಅಪರೂಪಕ್ಕೆ ಸಿಕ್ಕಿದ್ದು, ಮುಂದೆ ಸಿಗುತ್ತೆ ಅಂತ ಕೂರೋ ಹಾಗಿಲ್ಲ. ಎಕ್ಸ್‌ಪಿಗೆ ಗೊತ್ತಿರೋ ಫೈಲ್ ಶೇರಿಂಗ್ ಎಸ್‌ಎಂಬಿ 1 ಅನ್ನೋ ಹಳೇ ವಿಧಾನ ಮಾತ್ರ, ವಾನಾಕ್ರೈ ಹರಡಿದ್ದೂ ಅದೇ ದಾರೀಲಿ. ಓಎಸ್‌ನಲ್ಲೇ ತೂತಿದ್ರೆ ಮೇಲೆ ಆಂಟಿವೈರಸ್ ಹಾಕಿ ಏನ್ ಪ್ರಯೋಜನ?

ಈಗ ನಿಮ್ಮ ಸಮಸ್ಯೆಗೆ ಬರ್ತೀನಿ. ಕೆಲವು ಹಳೇ ಪ್ರೋಗ್ರಾಂ ಮ್ಯಾಕ್ ಅಡ್ರೆಸ್ಸನ್ನ ಕಾರ್ಡಿಂದ ನೇರವಾಗಿ ಓದಲ್ಲ, ನೆಟ್‌ಬಯೋಸ್ (ವಿಂಡೋಸಿನ ಹಳೇ ನೆಟ್‌ವರ್ಕ್ ವ್ಯವಸ್ಥೆ) ಮೂಲಕ ಕೇಳ್ತವೆ. ಕೇಬಲ್ ಕಿತ್ತಿದೆ ಅಂತ ವಿಂಡೋಸಿಗೆ ಗೊತ್ತಾದ್ರೆ ಆ ಕಾರ್ಡಿನ ಮೇಲೆ ಟಿಸಿಪಿ ಐಪಿ (ನೆಟ್‌ವರ್ಕ್ ಮಾತುಕತೆಯ ಮೂಲ ವ್ಯವಸ್ಥೆ) ಕೂರಲ್ಲ, ನೆಟ್‌ಬಯೋಸ್ ಪಟ್ಟಿಯಿಂದ ಕಾರ್ಡೇ ಮಾಯ ಆಗುತ್ತೆ. ಐಪಿಕಾನ್ಫಿಗ್ ಬೇರೆ ದಾರೀಲಿ ಕೇಳೋದ್ರಿಂದ ಅದಕ್ಕೆ ಕಾಣುತ್ತೆ. ನಿಮ್ಮದು ಹಾಗೇ ಇದ್ಯಾ ಅಂತ ಹೀಗೆ ಪರೀಕ್ಷೆ ಮಾಡಿ: ಕೇಬಲ್ ಟಿಕ್ ವಾಪಸ್ ಹಾಕಿ, ಆದ್ರೆ 'ಅಟ್ಯಾಚ್ಡ್ ಟು' ಅನ್ನೋ ಕಡೆ ಬ್ರಿಡ್ಜ್ಡ್ ತೆಗೆದು 'ಇಂಟರ್ನಲ್ ನೆಟ್‌ವರ್ಕ್' ಆರಿಸಿ. ಎಕ್ಸ್‌ಪಿ ಒಳಗೆ ಒಂದು ಫಿಕ್ಸ್ಡ್ ಐಪಿ ಕೊಡಿ, ಗೇಟ್‌ವೇ ಮತ್ತೆ ಡಿಎನ್‌ಎಸ್ ಖಾಲಿ ಬಿಡಿ. ಆಗ ಕಾರ್ಡು ಜೀವಂತ ಇರುತ್ತೆ, ಆದ್ರೆ ಆ ತಂತಿಯ ಇನ್ನೊಂದು ತುದೀಲಿ ಯಾರೂ ಇರಲ್ಲ, ಹೋಸ್ಟ್ ಕೂಡ ಇರಲ್ಲ. ಅಲ್ಲೇ 'ಹೋಸ್ಟ್ ಓನ್ಲಿ' ಆರಿಸಿದ್ರೆ ಹೋಸ್ಟ್ ಕಾಣುತ್ತೆ, ನಿಮಗೆ ಅದರ ಅಗತ್ಯ ಇಲ್ಲ ಅನ್ಸುತ್ತೆ.

ಲೆಕ್ಕದಪುಸ್ತಕ:
ಹಳೇಡಿಸ್ಕ್ ಅವ್ರೇ, ಕೆಲಸ ಆಯ್ತು!! ಇಂಟರ್ನಲ್ ನೆಟ್‌ವರ್ಕಿಗೆ ಹಾಕಿ ಐಪಿ ಕೊಟ್ಟ ತಕ್ಷಣ ಲೈಸೆನ್ಸ್ ಒಪ್ಕೊಳ್ತು. ತುಂಬಾ ಥ್ಯಾಂಕ್ಸ್. ಈಗ ಇನ್ನೆರಡು ತೊಡಕಿದೆ. ಒಂದು, ರಿಪೋರ್ಟ್ ಪ್ರಿಂಟ್ ತೆಗೀಬೇಕು, ಪ್ರಿಂಟರ್ ನೆಟ್‌ವರ್ಕಲ್ಲಿದೆ. ಎರಡು, ನಮ್ಮಲ್ಲಿ ಇನ್ನೊಬ್ರು ಅವ್ರ ಸೀಟಿಂದನೇ ಇದನ್ನ ನೋಡ್ಬೇಕು ಅಂತಾರೆ.

ಹಳೇಡಿಸ್ಕ್:
ಪ್ರಿಂಟರ್‌ಗೋಸ್ಕರ ನೆಟ್‌ವರ್ಕ್ ತೆರೀಬೇಡಿ. ಎಕ್ಸ್‌ಪಿ ಒಳಗೆ ಒಂದು ಪಿಡಿಎಫ್ ಪ್ರಿಂಟರ್ ಹಾಕಿ, ಫೈಲ್ ಶೇರ್ಡ್ ಫೋಲ್ಡರಿಗೆ ಬೀಳಲಿ, ಹೋಸ್ಟಿಂದ ಪ್ರಿಂಟ್ ಕೊಡಿ. ವರ್ಚುವಲ್‌ಬಾಕ್ಸಿನ ಶೇರ್ಡ್ ಫೋಲ್ಡರ್ ಗೆಸ್ಟ್ ಅಡಿಷನ್ಸ್ (ವಿಎಂ ಒಳಗೆ ಹಾಕೋ ವರ್ಚುವಲ್‌ಬಾಕ್ಸಿನ ಪೂರಕ ಸಾಫ್ಟ್‌ವೇರ್) ಮೂಲಕ ನಡೆಯೋದು, ನೆಟ್‌ವರ್ಕ್ ಕಾರ್ಡ್ ಮೂಲಕ ಅಲ್ಲ, ಹಾಗಾಗಿ ಇಂಟರ್ನಲ್ ಇದ್ರೂ ಕೆಲಸ ಮಾಡುತ್ತೆ. ಆದ್ರೆ ಈಗ ಒಳಗೂ ಹೊರಗೂ ಉಳಿದಿರೋ ಮುಖ್ಯ ದಾರಿ ಇದೇ, ಸ್ವಲ್ಪ ಬಿಗಿಯಾಗಿಡಿ. ಹೋಸ್ಟಿನ ಸಿ ಡ್ರೈವನ್ನೋ ಡಾಕ್ಯುಮೆಂಟ್ಸನ್ನೋ ಪೂರ್ತಿ ಶೇರ್ ಮಾಡೋದು ಬೇಡವೇ ಬೇಡ, ಇದಕ್ಕೆ ಅಂತಲೇ ಒಂದು ಖಾಲಿ ಫೋಲ್ಡರ್ ಮಾಡಿ. ಒಳಗೆ ಫೈಲ್ ಕಳಿಸೋಕೆ ಬೇರೆ ಫೋಲ್ಡರ್ ಇಟ್ಟು 'ರೀಡ್ ಓನ್ಲಿ' ಟಿಕ್ ಮಾಡಿ. ಶೇರ್ಡ್ ಕ್ಲಿಪ್‌ಬೋರ್ಡ್, ಡ್ರ್ಯಾಗ್ ಆಂಡ್ ಡ್ರಾಪ್, ಯುಎಸ್‌ಬಿ, 3ಡಿ ಎಲ್ಲ ಆಫ್.

ಇನ್ನೊಬ್ರ ವಿಷಯ: ಎಕ್ಸ್‌ಪಿಯ ರಿಮೋಟ್ ಡೆಸ್ಕ್‌ಟಾಪ್ ಯಾವ ಕಾರಣಕ್ಕೂ ತೆರೀಬೇಡಿ, ಬ್ಲೂಕೀಪ್ ತೂತು ಇದ್ದಿದ್ದು ಅದರಲ್ಲೇ. ಹೋಸ್ಟ್ ವಿಂಡೋಸ್ ಪ್ರೋ ಆಗಿದ್ರೆ ಅವ್ರಿಗೆ ಹೋಸ್ಟಿಗೆ ರಿಮೋಟ್ ಕೊಟ್ಟು ಅಲ್ಲಿಂದ ವಿಎಂ ಕಿಟಕಿ ನೋಡೋ ಹಾಗೆ ಮಾಡಿ. ಒಂದು ಸಲಕ್ಕೆ ಒಬ್ರೇ ಕೂರೋಕಾಗೋದು, ಹಳೇ ಬಿಲ್ ನೋಡೋಕೆ ಅಷ್ಟು ಸಾಕು ಅನ್ಸುತ್ತೆ.

ಬಾಗಿಲುಕಾವಲು:
ಹಳೇಡಿಸ್ಕ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ವರ್ಚುವಲ್‌ಬಾಕ್ಸನ್ನೂ ಹೋಸ್ಟನ್ನೂ ತಪ್ಪದೆ ಅಪ್‌ಡೇಟ್ ಮಾಡ್ತಾ ಇರಿ. 2015ರಲ್ಲಿ ವೆನಮ್ ಅಂತ ಒಂದು ತೂತು ಸಿಕ್ತು, ವಿಎಂ ಓಡಿಸೋ ಇನ್ನೊಂದು ಸಾಫ್ಟ್‌ವೇರ್ ಕ್ಯೂಎಂಯುನ ಫ್ಲಾಪಿ ಕಂಟ್ರೋಲರ್ ಕೋಡಲ್ಲಿ, ವರ್ಚುವಲ್‌ಬಾಕ್ಸಿಗೂ ಅದು ತಟ್ಟಿತ್ತು, ಗೆಸ್ಟಿಂದ (ಅಂದ್ರೆ ವಿಎಂ ಒಳಗಿಂದ) ಹೋಸ್ಟಿಗೆ ದಾಟೋಕೆ ದಾರಿ ಮಾಡ್ಕೊಡೋ ಅಂಥದ್ದು. ಫ್ಲಾಪಿ ಯಾರು ಬಳಸ್ತಾರೆ ಹೇಳಿ, ಆದ್ರೂ ಕೋಡು ಅಲ್ಲೇ ಕೂತಿತ್ತು. ಎಕ್ಸ್‌ಪಿಗೆ ಪ್ಯಾಚ್ ಬರಲ್ಲ ಸರಿ, ಅದರ ಸುತ್ತ ಇರೋದಕ್ಕೆ ಬರುತ್ತೆ, ಅದನ್ನ ಬಿಡಬಾರದು.

ಲೆಕ್ಕದಪುಸ್ತಕ:
ಎಲ್ಲ ಮಾಡಿದೆ, ಪಿಡಿಎಫ್ ದಾರಿ ಚೆನ್ನಾಗಿದೆ. ಕೊನೇದಾಗಿ ಒಂದು ಕೇಳ್ತೀನಿ, ಈ ಸ್ಥಿತೀಲಿ ಸ್ನ್ಯಾಪ್‌ಶಾಟ್ (ವಿಎಂ ಈಗ ಹೇಗಿದೆಯೋ ಹಾಗೇ ಉಳಿಸಿಡೋದು) ತಗೊಂಡು ದಿನಾ ಬೆಳಗ್ಗೆ ಅದಕ್ಕೇ ವಾಪಸ್ ಹೋದ್ರೆ ಏನೇ ಸೇರ್ಕೊಂಡಿದ್ರೂ ಅಳಿಸಿಹೋಗುತ್ತೆ ಅಲ್ವಾ?

ಹಳೇಡಿಸ್ಕ್:
ಅಳಿಸಿಹೋಗುತ್ತೆ, ಜೊತೆಗೆ ನೀವು ತಿದ್ದಿದ ಲೆಕ್ಕಾನೂ ಅಳಿಸಿಹೋಗುತ್ತೆ! ಡೇಟಾ ಫೈಲ್ ಅದೇ ಡಿಸ್ಕಲ್ಲಿದ್ರೆ ಅದೂ ಹಿಂದಕ್ಕೆ ಹೋಗುತ್ತೆ. ಹೀಗೆ ಮಾಡಿ: ವಿಎಂ ಆಫ್ ಮಾಡಿ ಡೇಟಾಗೆ ಅಂತ ಎರಡನೇ ಚಿಕ್ಕ ವರ್ಚುವಲ್ ಡಿಸ್ಕ್ ಸೇರಿಸಿ, ಮೀಡಿಯಾ ಮ್ಯಾನೇಜರಲ್ಲಿ ಅದರ ಟೈಪ್ 'ರೈಟ್‌ಥ್ರೂ' ಅಂತ ಬದಲಾಯಿಸಿ, ಇದನ್ನ ಸ್ನ್ಯಾಪ್‌ಶಾಟ್ ತಗೊಳ್ಳೋ ಮುಂಚೆನೇ ಮಾಡಿ. ಸ್ನ್ಯಾಪ್‌ಶಾಟ್ ಈ ಡಿಸ್ಕನ್ನ ಮುಟ್ಟಲ್ಲ. ಆಕ್ಸೆಸ್ ಫೈಲನ್ನ ಅಲ್ಲಿಗೆ ಸರಿಸಿ ಸಾಫ್ಟ್‌ವೇರಲ್ಲಿ ಪಾತ್ ಬದಲಾಯಿಸಿ. ಆ ಡಿಸ್ಕಲ್ಲಿ ಡೇಟಾ ಬಿಟ್ಟು ಇನ್ನೇನೂ ಇಡಬೇಡಿ, ಯಾಕಂದ್ರೆ ಅದರಲ್ಲಿ ಏನಾದ್ರೂ ಸೇರ್ಕೊಂಡ್ರೆ ಬೆಳಗ್ಗೆನೂ ಹಾಗೇ ಇರುತ್ತೆ. ಮತ್ತೆ ಸ್ನ್ಯಾಪ್‌ಶಾಟನ್ನ ಬ್ಯಾಕಪ್ ಅಂದ್ಕೊಬೇಡಿ, ಸ್ನ್ಯಾಪ್‌ಶಾಟೂ ವಿಎಂ ಡಿಸ್ಕೂ ಇರೋದು ಅದೇ ಹೋಸ್ಟ್ ಡಿಸ್ಕಲ್ಲಿ. ವಿಎಂ ಶಟ್‌ಡೌನ್ ಮಾಡಿದ ಮೇಲೆ ಪೂರ್ತಿ ಫೋಲ್ಡರ್ ಒಂದು ಹೊರಗಿನ ಡ್ರೈವಿಗೆ ಕಾಪಿ ಮಾಡಿ ಡ್ರೈವನ್ನ ಕಿತ್ತು ಬೇರೆ ಕಡೆ ಇಡಿ, ಸಾಫ್ಟ್‌ವೇರ್ ತೆರೆದಿರುವಾಗ ಆಕ್ಸೆಸ್ ಫೈಲ್ ಕಾಪಿ ಮಾಡಿದ್ರೆ ಅರ್ಧಂಬರ್ಧ ಬರೋ ಸಾಧ್ಯತೆ ಇದೆ. ಆ ಕಾಪಿಯಿಂದ ಬೇರೆ ಮಷೀನಲ್ಲಿ ಒಂದ್ಸಲ ವಿಎಂ ಎಬ್ಬಿಸಿ ನೋಡಿ, ಮ್ಯಾಕ್ ಅಡ್ರೆಸ್ ಬದಲಾಯಿಸದೆ ಇಂಪೋರ್ಟ್ ಮಾಡಿ, ಇಲ್ಲಾಂದ್ರೆ ಮತ್ತೆ ಲೈಸೆನ್ಸ್ ಕೇಳುತ್ತೆ.