ಹಾಸನದಿಂದ ಬೇಗಂಪೇಟೆಗೆ ಸೆಸ್ನಾ 172: ಮಧ್ಯೆ ಇಂಧನಕ್ಕೆ ಇಳಿಯಲೇಬೇಕಾ?

ಹೇಮಾವತಿ_ದಂಡೆ:
ಹಾಸನದ ಭುವನಹಳ್ಳಿ ರನ್‌ವೇ ಶುರುವಾಯ್ತು ಅಂತಿಟ್ಕೊಳ್ಳಿ. 172ಎಸ್ (ನಾಲ್ಕು ಸೀಟಿನ ಒಂಟಿ ಎಂಜಿನ್ ಸೆಸ್ನಾ), ತಲಾ 80 ಕೆ.ಜಿ.ಯ ನಾಲ್ಕು ಜನ, ಬ್ಯಾಗಿಲ್ಲ. ಹೈದರಾಬಾದಿನ ಬೇಗಂಪೇಟೆಗೆ ಸುಮಾರು 300 ನಾಟಿಕಲ್ ಮೈಲಿ (555 ಕಿ.ಮೀ.). ಬಳಸಲು ಸಿಗೋ ಇಂಧನ 200 ಲೀಟರ್, ಗಂಟೆಗೆ 34 ಕುಡಿಯುತ್ತೆ. ಹೋಗ್ತಾನೂ ಬರ್ತಾನೂ ನಿಲ್ಲೋದು ಬೇಡ ತಾನೆ?

ಗಿರಿ_ಸಾಲು:
ಟ್ಯಾಂಕ್ ಎಷ್ಟು ಹಿಡಿಯುತ್ತೆ ಅನ್ನೋದಲ್ಲ ಸರ್, ತೂಕ ಎಷ್ಟಕ್ಕೆ ಬಿಡುತ್ತೆ ನೋಡಿ. ಗರಿಷ್ಠ ಟೇಕಾಫ್ ತೂಕ 1,157 ಕೆ.ಜಿ. ಖಾಲಿ ವಿಮಾನ 760 ಅಂತ ಹಿಡಿಯಿರಿ, ಜನ 320. ಉಳಿದಿದ್ದು 77 ಕೆ.ಜಿ. ಅವ್‌ಗ್ಯಾಸ್ (ಇಂಥ ವಿಮಾನದ ಪೆಟ್ರೋಲ್) ಲೀಟರಿಗೆ 0.72 ಕೆ.ಜಿ., ಅಂದ್ರೆ 107 ಲೀಟರ್ ಅಷ್ಟೇ.

ಈಗ ಗಾಳಿ. ಜುಲೈನಲ್ಲಿ ಪಡುವಣ ಗಾಳಿ. ದಾರಿಯುದ್ದಕ್ಕೆ ಅದರ ಪಾಲು 15 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಅನ್ನಿ, ಹೋಗ್ತಾ ಬೆನ್ನಿಗೆ, ಬರ್ತಾ ಎದುರಿಗೆ. ಗಾಳಿಯಲ್ಲಿ ವೇಗ 115 ಆದ್ರೆ ಹೋಗ್ತಾ ನೆಲದ ಮೇಲೆ 130: 2 ಗಂಟೆ 18 ನಿಮಿಷ, 78 ಲೀಟರ್. ಬರ್ತಾ 100: ಮೂರು ಗಂಟೆ, 102 ಲೀಟರ್. 45 ನಿಮಿಷದ ಮೀಸಲು 26, ಟ್ಯಾಕ್ಸಿ ಮತ್ತು ಏರಿಕೆಗೆ 5 ಸೇರಿಸಿದ್ರೆ 109 ಮತ್ತು 133. ಹೋಗೋದಕ್ಕೇ ಎರಡು ಲೀಟರ್ ಕಮ್ಮಿ, ಬರೋದಂತೂ ಮಧ್ಯೆ ಇಳಿಯದೆ ಆಗಲ್ಲ. ಒಬ್ಬರನ್ನ ಬಿಟ್ಟು ಹೊರಟ್ರೆ ಇನ್ನೂ 111 ಲೀಟರಿನಷ್ಟು ತೂಕಕ್ಕೆ ಜಾಗ ಸಿಗುತ್ತೆ, ಟ್ಯಾಂಕ್ ತುಂಬಿಸಬಹುದು. ಇಳಿಯೋದಕ್ಕಿಂತ ನನಗೆ ಇದೇ ವಾಸಿ.

ಕಾಫಿ_ಘಾಟ್:
ಹಾರೋದಕ್ಕೆ ಮುಂಚೆ ನೆಲ ಬಿಡಬೇಕಲ್ಲ! ಹಾಸನ ಸುಮಾರು 3,200 ಅಡಿ ಎತ್ತರ. ಅಷ್ಟೆತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣತೆ (ವಿಮಾನದ ಲೆಕ್ಕಕ್ಕೆ ಹಿಡಿಯೋ ಮಾದರಿ ಉಷ್ಣತೆ) 8.6 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಇದ್ರೆ ಅಂತರ 24.4, ಡಿಗ್ರಿಗೆ 120 ಅಡಿಯಂತೆ ಎತ್ತರಕ್ಕೆ ಕೂಡಿಸಿ. ಬಿಸಿಗೆ ಗಾಳಿ ತೆಳುವಾಗಿ ಎಂಜಿನ್ನಿಗೂ ರೆಕ್ಕೆಗೂ ಅದು 6,100 ಅಡಿ ಎತ್ತರದ ಹಾಗೆ! ಸಾವಿರ ಅಡಿಗೆ ಸುಮಾರು 3% ಶಕ್ತಿ ಹೋಗುತ್ತೆ, ಓಟ ಉದ್ದವಾಗುತ್ತೆ, ಏರಿಕೆ ಕುಂಟುತ್ತೆ. ತೂಕ 10% ಹೆಚ್ಚಿದ್ರೆ ಟೇಕಾಫ್ ದೂರ ಸುಮಾರು 20% ಬೆಳೆಯುತ್ತೆ. ಬೆಳಿಗ್ಗೆ ಏಳಕ್ಕೇ ಹೊರಡಿ.

ಟೇಕಾಫಿಗೆ ಮುಂಚೆ ಪೂರ್ತಿ ಥ್ರಾಟಲ್‌ನಲ್ಲಿ ಮಿಕ್ಸ್ಚರ್ (ಗಾಳಿಗೆ ಎಷ್ಟು ಇಂಧನ ಅಂತ ಹೊಂದಿಸೋ ಹಿಡಿ) ಹಿಂದಕ್ಕೆಳೆದು ಆರ್‌ಪಿಎಂ ಗರಿಷ್ಠವಾಗೋ ಜಾಗ ನೋಡಿ. ಕ್ರೂಸ್‌ನಲ್ಲೂ (ಮೇಲೇರಿ ಸಮವಾಗಿ ಹಾರುವಾಗಲೂ) ಹೀಗೆ ಇಂಧನ ಇಳಿಸಿ ಲೀನ್ ಮಾಡದಿದ್ರೆ ಆ 34 ಲೀಟರ್ ಪುಸ್ತಕದ ಬದನೆಕಾಯಿ, ಪ್ಲಗ್ಗಿಗೆ ಮಸಿ ಬೇರೆ.

ಹೇಮಾವತಿ_ದಂಡೆ:
ಸರಿ, ಬರ್ತಾ ಕರ್ನೂಲಿನಲ್ಲಿ ಇಳಿದು ಹಾಕಿಸಿದ್ರೆ?

ಗಿರಿ_ಸಾಲು:
ಮೊದಲು ಫೋನ್ ಮಾಡಿ. ಜೆಟ್ ಇಂಧನ ಇದ್ದಲ್ಲೆಲ್ಲ ಅವ್‌ಗ್ಯಾಸ್ ಇರಲ್ಲ. ಜೆಟ್ ಇಂಧನ ಹಾಕಿಬಿಟ್ರೆ ಡಿಟೋನೇಷನ್ ಆಗಿ (ಸಿಲಿಂಡರಿನಲ್ಲಿ ಇಂಧನ ಹದವಾಗಿ ಉರಿಯದೆ ಸಿಡಿದು) ಎಂಜಿನ್ ಹೋಗುತ್ತೆ. ತುಂಬಿಸುವಾಗ ಪಕ್ಕದಲ್ಲೇ ನಿಂತಿರಿ. ಹತ್ತು ನಿಮಿಷ ಬಿಟ್ಟು ಟ್ಯಾಂಕಿನ ತಳದ ಪ್ರತಿ ಡ್ರೈನಿನಿಂದ ಗಾಜಿನ ಕಪ್ಪಿಗೆ ತೆಗೆದು ನೋಡಿ: 100ಎಲ್‌ಎಲ್ (ಅದೇ ಅವ್‌ಗ್ಯಾಸ್) ನೀಲಿ ಇರಬೇಕು. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕಂಡರೆ ನೀರು, ಹೋಗೋವರೆಗೂ ಬಸಿಯಿರಿ.